ಅಮೆರಿಕದ ಮಿಯಾಮಿಯಲ್ಲಿರೋ ಕ್ಯೂಬನ್ನರ ಸಣ್ಣಕಥೆಗಳಲ್ಲಿ ಹೊಸ ಬದುಕಿಗಿಂತ ಬಿಟ್ಟು ಬಂದ ಹವಾನಾನೇ (ಕ್ಯೂಬಾದ ರಾಜಧಾನಿ) ಯಾಕೆ ಜಾಸ್ತಿ ಇರುತ್ತೆ?

ಯಾಕಂದ್ರೆ ಅವರಲ್ಲಿ ತುಂಬಾ ಜನ ಮಿಯಾಮಿಲೇ ನೆಲೆಸೋಕೆ ಅಂತ ಹೋದವರೇ ಅಲ್ಲ. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೋ ಕ್ರಾಂತಿ ಮಾಡಿ ಅಧಿಕಾರ ಹಿಡಿದ್ಮೇಲೆ ಊರು ಬಿಟ್ಟಾಗ ಕ್ಯಾಸ್ಟ್ರೋ ಸರ್ಕಾರ ಜಾಸ್ತಿ ದಿನ ಇರಲ್ಲ, ಬೇಗ ವಾಪಸ್ ಬರ್ತೀವಿ ಅಂದ್ಕೊಂಡೇ ಹೊರಟಿದ್ದು, ಆದ್ರೆ 1961ರಲ್ಲಿ ಅಮೆರಿಕದ ಬೆಂಬಲದಿಂದ ವಲಸಿಗರೇ ಕ್ಯೂಬಾ ಮೇಲೆ ಮಾಡಿದ ಬೇ ಆಫ್ ಪಿಗ್ಸ್ ದಾಳಿ ಸೋತುಹೋಯ್ತು, ಮುಂದಿನ ವರ್ಷ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟಿದ್ದಕ್ಕೆ ಅಮೆರಿಕದ ಜೊತೆ ಬಿಕ್ಕಟ್ಟು ಬಂದು ಎರಡೂ ದೇಶಗಳ ನಡುವಿನ ವಿಮಾನಗಳೂ ನಿಂತ್ವು. ಬಿಟ್ಟು ಬಂದ ಮನೆ ಸರ್ಕಾರದ ಪಾಲು. ಹವಾನಾದಲ್ಲಿ ಲಾಯರ್ ಆಗಿದ್ದವರ ಡಿಗ್ರಿ ಇಲ್ಲಿ ನಡೀಲಿಲ್ಲ, ಹೋಟೆಲಲ್ಲಿ ಪಾತ್ರೆ ತೊಳೆದು ಸಂಸಾರ ನಡೆಸಿದವರೂ ಇದ್ರು. ಹಾಗಾಗಿ ಮಿಯಾಮಿಯ ಕ್ಯೂಬನ್ ಬಡಾವಣೆ ಲಿಟ್ಲ್ ಹವಾನಾದ ಪಾರ್ಕಲ್ಲಿ ಡಾಮಿನೋ ಆಡ್ತಾ ಕೂತ ಮುದುಕ "ಅಲ್ಲಿ ನಾನು ಯಾರಾಗಿದ್ದೆ ಗೊತ್ತಾ" ಅಂದಾಗ ಅದನ್ನ ಬರೀ ಜಂಬ ಅಂತ ಓದ್ಬೇಡಿ, ಆ ಕಥೆಗಳ ಜೀವಾನೇ ಅಲ್ಲಿದೆ. ಮಿಯಾಮಿಲೇ ಹುಟ್ಟಿದ ಮಕ್ಕಳಿಗೆ ಆ ಹವಾನಾ ಗೊತ್ತೇ ಇಲ್ಲ, ಮನೆಯೊಳಗಿನ ಜಗಳ ಶುರುವಾಗೋದೂ ಅದಕ್ಕೇ.