ಬೆಂಗಳೂರು ಬಿಟ್ಟು ಮೈಸೂರಲ್ಲಿ ಸೈಟ್ ತಗೊಳ್ಳೋದಾ?

ಬೆಂಗಳೂರಲ್ಲಿ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಮೇಲೆ ಕಟ್ಟಿದ ಮನೆಗಳ ತೆರವು ನೋಡಿ ಹೆದರಿ, ಬೆಂಗಳೂರಿಗಿಟ್ಟ ದುಡ್ಡನ್ನು ಮೈಸೂರಿನ ಸೈಟಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಹೀಗೆ ಯೋಚಿಸುವವರು ನೀವೊಬ್ಬರೇ ಅಲ್ಲ. 2016ರಲ್ಲಿ ಬೆಂಗಳೂರಲ್ಲಿ ಜೆಸಿಬಿ ಬಂದಾಗ ಖಾತೆ, ಬ್ಯಾಂಕ್ ಸಾಲ ಎಲ್ಲ ಇದ್ದ ಮನೆಗಳೂ ಉರುಳಿದವು. 2022ರ ಮಳೆಯ ನಂತರ ಮತ್ತೆ ಅದೇ ಕಥೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ ಮೈಸೂರಿಗೆ ಬರುವ ದಾರಿಯೂ ಸಲೀಸಾಯಿತು.

ಆದರೆ ಊರು ಬದಲಾದರೆ ಕಾನೂನು ಬದಲಾಗುವುದಿಲ್ಲ, ಅಲ್ವಾ? ಮೈಸೂರಲ್ಲೂ ಪೂರ್ಣಯ್ಯ ನಾಲೆ ಅನ್ನೋ ಹಳೇ ಕಾಲುವೆ ಇದೆ, ಕೆರೆಗಳಿವೆ, ಕೆರೆಗೆ ನೀರು ಹರಿಯುವ ಹಳ್ಳಗಳಿವೆ. ಬ್ರೋಕರ್ ತೋರಿಸುವ ಬಣ್ಣದ ಪ್ಲಾನ್‌ನಲ್ಲಿ ಅವು ಇರುವುದಿಲ್ಲ! ಸರ್ವೆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆ ತೆಗೆಸಿ. ಬಿ ಖರಾಬು ಸೇರಿದೆಯಾ ನೋಡಿ, ಅದು ಸಾರ್ವಜನಿಕ ಜಾಗ. ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಅಂತ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಕಾಣುತ್ತದೆ, ನಾಲೆ ಕಾಣುವುದಿಲ್ಲ.