ಮೋಡ ಕವಿದರೆ ಕತ್ತಲಾಗಬೇಕಲ್ವಾ?

ಓದುಗರ ಪತ್ರ: ನಮ್ಮದು ಪಾಂಡವಪುರ ತಾಲ್ಲೂಕಿನ ಸಣ್ಣ ಊರು. ನೇರ ಗೆರೆ ಎಳೆದರೆ ಮೈಸೂರು ಸುಮಾರು 25 ಕಿ.ಮೀ. ನಮ್ಮಜ್ಜಿ ಕಾಲದಲ್ಲಿ ಮೋಡ ಮುಚ್ಚಿದ ರಾತ್ರಿ ಅಂದ್ರೆ ಕಾಲಡಿ ಏನಿದೆ ಅಂತಲೂ ತಿಳೀತಿರಲಿಲ್ಲವಂತೆ. ಈಗ ಆಷಾಢದ ಮೋಡದ ರಾತ್ರಿಯಲ್ಲಿ ದಕ್ಷಿಣದ ಆಕಾಶ ಬೆಳ್ಳಗಿರುತ್ತೆ, ಗದ್ದೆ ಬದು ಕಾಣುತ್ತೆ. ಮೋಡ ಸರಿದರೆ ಮತ್ತೆ ಕತ್ತಲು. ನಾಟಿಗೆ ನೀರು ಕಟ್ಟಿದಾಗಂತೂ ಬೆಳಕು ಇನ್ನೂ ಜಾಸ್ತಿ. ಮಗ ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೋರಿಸಿ, 'ಏನೂ ಬದಲಾಗಿಲ್ಲ, ಸುಮ್ನೆ ನಿಮ್ಮ ಭ್ರಮೆ' ಅಂತಾನೆ. ನನಗೆ ಪಕ್ಕದಲ್ಲಿ ಹೊಸದಾಗಿ ಆದ ಕಲ್ಯಾಣ ಮಂಟಪದ ದೀಪದ ಮೇಲೆ ಅನುಮಾನ. ಪಂಚಾಯಿತಿಗೆ ಅರ್ಜಿ ಕೊಡಲಾ?

ಸಂಪಾದಕರ ಉತ್ತರ: ಭ್ರಮೆ ಅಲ್ಲ. ನಿಮ್ಮ ಅಜ್ಜಿ ಕಂಡದ್ದೂ ಸರಿ, ನೀವು ಕಾಣುತ್ತಿರುವುದೂ ಸರಿ.

ಸುತ್ತ ದೀಪಗಳೇ ಇಲ್ಲದ ಜಾಗದಲ್ಲಿ ಮೋಡ ಕವಿದರೆ ಕತ್ತಲು ಹೆಚ್ಚುತ್ತದೆ. ನಕ್ಷತ್ರಗಳ ಬೆಳಕು ಮೋಡದ ಆಚೆಗೇ ಉಳಿಯುತ್ತದೆ. ದೀಪಗಳಿರುವ ಊರಿನ ಹತ್ತಿರ ಇದು ಪೂರಾ ತಿರುಗುಮುರುಗು. ತಿಳಿ ರಾತ್ರಿಯಲ್ಲಿ ಮೇಲಕ್ಕೆ ಹೋದ ಬೆಳಕಿನ ಹೆಚ್ಚಿನ ಪಾಲು ಹಾಗೇ ಹೊರಟುಹೋಗುತ್ತದೆ. ಮೋಡ ಇದ್ದರೆ ಅದು ತಡೆದು ಕೆಳಕ್ಕೆ ಕಳಿಸುತ್ತದೆ. ಮೈಸೂರಿನ ದೀಪಗಳು ಎರಡೂ ರಾತ್ರಿ ಅಷ್ಟೇ ಉರಿಯುತ್ತಿರುತ್ತವೆ. ನಿಮ್ಮ ಗದ್ದೆಗೆ ವಾಪಸ್ ಬರುವ ಪಾಲು ಮಾತ್ರ ಬೇರೆ.

ಜರ್ಮನಿಯ ಬರ್ಲಿನ್‌ನಲ್ಲಿ ಇದನ್ನು ಅಳೆದಿದ್ದಾರೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪೂರ್ತಿ ಮೋಡ ಮುಚ್ಚಿದ ರಾತ್ರಿ ನಗರದ ಆಕಾಶ ತಿಳಿ ರಾತ್ರಿಗಿಂತ ಸುಮಾರು 10 ಪಟ್ಟು ಬೆಳಗುತ್ತಿತ್ತು. ನಗರದ ನಡುವಿನಿಂದ 32 ಕಿ.ಮೀ. ಆಚೆ ಹೋದರೂ ಸುಮಾರು 2.8 ಪಟ್ಟು. ಬರ್ಲಿನ್ ಮೈಸೂರಿಗಿಂತ ಬಹಳ ದೊಡ್ಡ ಊರು. ಆ ಅಂಕಿಯನ್ನು ತಂದು ನಿಮ್ಮೂರಿಗೆ ಹಾಗೇ ಅಂಟಿಸಲು ಆಗುವುದಿಲ್ಲ. ಆದರೂ 25 ಕಿ.ಮೀ. ದೂರದಲ್ಲಿ ಮೋಡದ ಬೆಳಕು ಕಾಣುತ್ತದೆ ಅನ್ನುವುದರಲ್ಲಿ ಆಶ್ಚರ್ಯ ಇಲ್ಲ.

ಬಣ್ಣದ ವಿಷಯವನ್ನು ನೀವು ಕೇಳಿಲ್ಲ, ಆದರೆ 'ಬೆಳ್ಳಗೆ' ಅಂತ ಬರೆದಿದ್ದೀರಿ. ಬೀದಿಯಲ್ಲಿ ಸೋಡಿಯಂ ದೀಪಗಳಿದ್ದಾಗ ಇದೇ ಮೋಡ ಕಿತ್ತಳೆ ಬಣ್ಣಕ್ಕೆ ಕಾಣುತ್ತಿತ್ತು. ಮೋಡದ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಹಾಗಾಗಿ ಕೆಳಗಿನ ದೀಪದ ಬಣ್ಣವೇ ಮೋಡದ ಬಣ್ಣ. ಎಲ್‌ಇಡಿ ಬಂದ ಮೇಲೆ ಅದು ಬೆಳ್ಳಗಾಯಿತು. ಶುದ್ಧ ಗಾಳಿಯ ಕಥೆ ಬೇರೆ. ಅದು ನೀಲಿಯನ್ನು ಜಾಸ್ತಿ ಚದುರಿಸುತ್ತದೆ. ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ನೀಲಿ ಇರುತ್ತದೆ. ಸೋಡಿಯಂನ 589 ನ್ಯಾನೋಮೀಟರ್ ಹಳದಿಗಿಂತ ಅದು ಸುಮಾರು 3 ಪಟ್ಟು ಹೆಚ್ಚು ಚದುರುತ್ತದೆ. ಅಂದರೆ ಎಲ್‌ಇಡಿಯ ತೊಂದರೆ ತಿಳಿ ರಾತ್ರಿಯಲ್ಲೇ ಹೆಚ್ಚು. ನಾವು ಗಮನಿಸುವುದು ಮಾತ್ರ ಮೋಡದ ರಾತ್ರಿ.

ಇನ್ನು ನಿಮ್ಮ ಮಗನ ನಕ್ಷೆ. ಅವನ ಮೇಲೆ ಬೇಜಾರು ಬೇಡ, ನಕ್ಷೆ ಸುಳ್ಳಲ್ಲ. ಆದರೆ ಅದಕ್ಕೆ ನಿಮ್ಮ ರಾತ್ರಿ ಕಾಣುವುದೇ ಇಲ್ಲ. ಇಂಥ ನಕ್ಷೆಗಳಿಗೆ ಹೆಚ್ಚಾಗಿ ಬಳಸುವುದು 2011ರಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹ ಮತ್ತು ಅದರ ನಂತರದವುಗಳ ಚಿತ್ರಗಳನ್ನು. ಅವು ಹಾದುಹೋಗುವುದು ರಾತ್ರಿ ಒಂದೂವರೆ ಆಸುಪಾಸಿಗೆ. ಅಷ್ಟು ಹೊತ್ತಿಗೆ ಅಂಗಡಿ, ಮಂಟಪ ಎಲ್ಲ ಆರಿರುತ್ತವೆ. ತಿಂಗಳ ನಕ್ಷೆ ಮಾಡುವಾಗ ಮೋಡದ ರಾತ್ರಿಗಳನ್ನು ತೆಗೆದುಹಾಕುತ್ತಾರೆ, ಆಷಾಢದ ನಿಮ್ಮ ಬೆಳಕು ಅಲ್ಲೇ ಕಳೆದುಹೋಯಿತು. ಸಾಲದ್ದಕ್ಕೆ ಆ ಕ್ಯಾಮೆರಾಕ್ಕೆ 500 ನ್ಯಾನೋಮೀಟರ್‌ಗಿಂತ ಕೆಳಗಿನ ನೀಲಿ ಕಾಣುವುದಿಲ್ಲ. ಸೋಡಿಯಂ ತೆಗೆದು ಎಲ್‌ಇಡಿ ಹಾಕಿದರೆ ಊರು ಮಂಕಾಯಿತು ಅಂತಲೇ ಅದು ಹೇಳಬಹುದು. ಬರಿಗಣ್ಣಿಗೆ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ಜನಸಾಮಾನ್ಯರು ಬರೆದು ಕಳಿಸಿದ ಲೆಕ್ಕ ಸೇರಿಸಿ 2023ರಲ್ಲಿ ಒಂದು ಅಧ್ಯಯನ ಬಂತು. 2011ರಿಂದ 2022ರವರೆಗೆ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ 9.6ರಂತೆ ಏರಿದೆ ಎನ್ನುತ್ತದೆ ಅದು. ಹೆಚ್ಚಿನ ಲೆಕ್ಕ ಯುರೋಪ್, ಅಮೆರಿಕದ್ದು. ಏನೇ ಆಗಲಿ, ಉಪಗ್ರಹ ತೋರಿಸಿದ್ದಕ್ಕಿಂತ ಅದು ಬಹಳ ಜಾಸ್ತಿ. ಈ ವಿಷಯದಲ್ಲಿ ನನ್ನ ಮತ ಕಣ್ಣಿನ ಕಡೆಗೇ.

ಗದ್ದೆ ನೀರಿನ ವಿಷಯಕ್ಕೆ ಮಾತ್ರ ನಾನು ಪೂರ್ತಿ ಒಪ್ಪಲಾರೆ. ನೀರು ಕಟ್ಟಿದ್ದರಿಂದ ಆಕಾಶದ ಬೆಳಕು ಹೆಚ್ಚಾಗಿಲ್ಲ. ನೇರ ಮೇಲಿಂದ ಬಿದ್ದ ಬೆಳಕಿನಲ್ಲಿ ನೀರು ವಾಪಸ್ ಕೊಡುವುದು ನೂರಕ್ಕೆ ಸುಮಾರು 2 ಪಾಲು ಮಾತ್ರ. ಓರೆಯಾಗಿ ಬಂದಷ್ಟೂ ಆ ಪಾಲು ಏರುತ್ತದೆ, ದಿಗಂತದ ಕಡೆಯಿಂದ ಬಂದರೆ ಬಹುಪಾಲು ಹಿಂತಿರುಗುತ್ತದೆ. ಮೈಸೂರಿನ ಬೆಳಕು ನಿಮಗೆ ದಕ್ಷಿಣದಲ್ಲಿ ಕೆಳಮಟ್ಟದಲ್ಲೇ ಕಾಣುವುದು. ಆದ್ದರಿಂದ ನಾಟಿಯ ಗದ್ದೆ ಕನ್ನಡಿ ಆಗಿಬಿಡುತ್ತದೆ, ಒಂದೇ ಬೆಳಕು ನಿಮಗೆ ಎರಡು ಕಡೆ ಕಾಣುತ್ತದೆ. ಬೇಕಾದರೆ ಬೆನ್ನು ತಿರುಗಿಸಿ ಉತ್ತರದ ಗದ್ದೆ ನೋಡಿ. ನೀರು ಅಷ್ಟೇ ಇದ್ದರೂ ಮಂಕಾಗಿರುತ್ತದೆ. ಪೈರು ಎದ್ದ ಮೇಲೆ ದಕ್ಷಿಣದ್ದೂ ಹಾಗೇ ಆಗುತ್ತದೆ.

ಬರೀ ನೆನೆದ ಮಣ್ಣಂತೂ ಬೆಳಕನ್ನು ನುಂಗುತ್ತದೆ. ಒಣಗಿದ ಕೆಮ್ಮಣ್ಣು ಮಳೆಗೆ ನೆನೆದ ಕೂಡಲೇ ಕಪ್ಪಾಗುವುದನ್ನು ದಿನಾ ನೋಡಿದ್ದೀರಿ. ನೆಲದ ಲೆಕ್ಕದಲ್ಲಿ ನನಗೆ ಚಿಂತೆ ಇರುವುದು ಸಿಮೆಂಟ್ ರಸ್ತೆಗಳದ್ದು. ಟಾರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತರ ಆಸುಪಾಸು ವಾಪಸ್ ಕಳಿಸಿದರೆ, ಹೊಸ ಸಿಮೆಂಟ್ ಮೂವತ್ತಕ್ಕೂ ಜಾಸ್ತಿ ಕಳಿಸುತ್ತದೆ. ಊರ ಬೀದಿಗಳೆಲ್ಲ ಕಾಂಕ್ರೀಟ್ ಆದವು, ಮೇಲಿನ ಬಲ್ಬು ಮಾತ್ರ ಹಳೆಯ ವ್ಯಾಟೇಜಿನದೇ. ರಸ್ತೆ ಬೆಳ್ಳಗಾದಾಗ ಬಲ್ಬು ಸಣ್ಣದಾಗಬೇಕಿತ್ತು. ಹಿಮ ಬೀಳುವ ದೇಶಗಳಿಗೆ ಇದು ಇನ್ನೂ ದೊಡ್ಡ ತಲೆನೋವು. ಹೊಸ ಹಿಮ ನೂರಕ್ಕೆ 80ಕ್ಕಿಂತ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಮೇಲೆ ಮೋಡವೂ ಇದ್ದರೆ ಬೆಳಕು ಎರಡರ ನಡುವೆ ಓಡಾಡುತ್ತಲೇ ಇರುತ್ತದೆ. ನಮಗೆ ಆ ಕಾಟ ಇಲ್ಲ.

ನಮಗಿರುವುದು ಹೊಗೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಆಲೆಮನೆಯ ಹೊಗೆ, ಕಬ್ಬಿನ ತರಗು ಸುಟ್ಟ ಹೊಗೆ ಮೇಲೇರಲಾರದೆ ಅಲ್ಲೇ ಹರಡುತ್ತದೆ. ತೇವ ಏರಿದಂತೆ ಹೊಗೆಯ ಕಣಗಳಲ್ಲಿ ಬಹಳಷ್ಟು ನೀರು ಕುಡಿದು ಊದಿಕೊಳ್ಳುತ್ತವೆ, ಬೆಳಕನ್ನು ಇನ್ನಷ್ಟು ಚದುರಿಸುತ್ತವೆ. ನಾಲೆ ಬಯಲಿನಲ್ಲಿ ಮಂಜು ದಟ್ಟವಾಗಿ ಇಳಿದರೆ ಆಟ ಮತ್ತೆ ಬದಲು: ಕಂಬದ ಸುತ್ತ ಬೆಳಕಿನ ಉಂಡೆ, ದೂರದ ಮೈಸೂರಿನ ಬೆಳಕು ಮಾಯ.

ಅರಮನೆ ದೀಪದ ಬಗ್ಗೆಯೂ ಹಲವರು ಕೇಳುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳೇನೋ ಹೌದು, ಆದರೆ ಮಾಮೂಲಿಯಾಗಿ ಅವು ಉರಿಯುವುದು ಭಾನುವಾರ, ರಜೆಯ ಸಂಜೆ ಸ್ವಲ್ಪ ಹೊತ್ತು. ನಡುರಾತ್ರಿಯ ಬೆಳಕಿಗೆ ಅರಮನೆಯನ್ನು ದೂರಬೇಡಿ.

ತಿಳಿ ಆಕಾಶ ನೋಡಬೇಕು ಅಂದ್ರೆ ಚಿತ್ತಾ, ಸ್ವಾತಿ ಮಳೆ ಚೆನ್ನಾಗಿ ಹೊಯ್ದು ಬಿಟ್ಟ ಮಾರನೆಯ ರಾತ್ರಿ, ಅಮಾವಾಸ್ಯೆ ಹತ್ತಿರ ಇದ್ದಾಗ ನೋಡಿ. ದೂಳು, ಹೊಗೆ ತೊಳೆದುಹೋಗಿರುತ್ತವೆ. ಮೇಲುಕೋಟೆ ಕಡೆ ಹೋದರೆ ಇನ್ನೂ ಒಳ್ಳೆಯದು. ತಿಳಿ ರಾತ್ರಿಯಲ್ಲಿ ಊರಿನಿಂದ ದೂರ ಎರಡು ಪಟ್ಟಾದರೆ ಆ ಊರಿನ ಬೆಳಕು ಐದನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ ಎಂಬುದು ಖಗೋಳದವರ ಅಂದಾಜು. ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಮೋಡದ ರಾತ್ರಿಯನ್ನು ಮೋಡದ ರಾತ್ರಿಗೇ ಹೋಲಿಸಿ. ತಿಳಿ ರಾತ್ರಿಗಳನ್ನು ಹೋಲಿಸಲು ಕೃತ್ತಿಕೆ ಎಂಬ ನಕ್ಷತ್ರಗಳ ಗೊಂಚಲು ಸಾಕು. ಕಾರ್ತಿಕದ ಅಮಾವಾಸ್ಯೆಯಲ್ಲಿ ಅದೇ ಜಗಲಿಯಿಂದ ಕೃತ್ತಿಕೆಯ ಎಷ್ಟು ಚುಕ್ಕಿ ಕಂಡವು, ಮಂಜು ಇತ್ತಾ, ಹಿಂದಿನ ದಿನ ಮಳೆ ಬಂದಿತ್ತಾ ಎಂದು ಕ್ಯಾಲೆಂಡರಿನಲ್ಲೇ ಬರೆದಿಡಿ.

ಕೊನೆಗೆ ಮಂಟಪದ ದೀಪ. ಮೋಡದ ಬೆಳಕು ದಕ್ಷಿಣದ ದಿಗಂತದ ಉದ್ದಕ್ಕೂ ಹರಡಿದೆ ಅಂದ ಮೇಲೆ ಅದು ಒಂದು ಮಂಟಪದ ಕೆಲಸ ಅಲ್ಲ. ಆದರೆ ಅದೇ ದೀಪ ಮೋಡ ಇಲ್ಲದ ರಾತ್ರಿಯೂ ನಿಮ್ಮ ಅಂಗಳಕ್ಕೆ ನೇರ ಹೊಡೆಯುತ್ತಿದ್ದರೆ ಅರ್ಜಿ ಕೊಡಿ. ಮೊದಲು ಮಂಟಪದವರ ಹತ್ತಿರ ಒಂದು ಮಾತು ಆಡಿ, ಎಷ್ಟೋ ಸಲ ದೀಪದ ಮೂತಿ ಕೆಳಗೆ ಬಗ್ಗಿಸಿದರೆ ಮುಗಿಯುತ್ತದೆ. ದೀಪ ತೆಗೆಸಿ ಅನ್ನಬೇಡಿ. ಮೇಲೆ ಮುಚ್ಚಳ ಹಾಕಿ, ವ್ಯಾಟೇಜು ಇಳಿಸಿ, ನೆಂಟರು ಹೋದ ಮೇಲೆ ಆರಿಸಿ ಅಂತ ಕೇಳಿ. ಅರ್ಜಿಯಲ್ಲಿ ಮೋಡದ ಮಾತೂ ಬೇಡ. ಯಾವ ದೀಪ, ಯಾವ ಕಡೆ ತಿರುಗಿದೆ, ಎಷ್ಟು ಗಂಟೆವರೆಗೆ ಉರಿಯುತ್ತದೆ, ಅಷ್ಟು ಬರೆದರೆ ಸಾಕು.