ಥಾಲಿಯಂ, ಪೆಟ್, ಎಂಆರ್‌ಐ: ಅಪ್ಪಯ್ಯನಿಗೆ ಯಾವ ಸ್ಕ್ಯಾನ್?

ಪ್ರಶ್ನೆ: ಅಪ್ಪಯ್ಯನಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಹೋಗುತ್ತದೆ. ಮಂಡಿನೋವಿನಿಂದ ಟಿಎಂಟಿ (ಓಡುಪಟ್ಟಿಯ ಮೇಲೆ ನಡೆಸಿ ಮಾಡುವ ಇಸಿಜಿ) ಅರ್ಧಕ್ಕೇ ನಿಂತಿತು. ಡಾಕ್ಟರು ಥಾಲಿಯಂ ಸ್ಕ್ಯಾನ್ ಬರೆದಿದ್ದಾರೆ. ಪೆಟ್ ಅಥವಾ ಎಂಆರ್‌ಐ ಇನ್ನೂ ಒಳ್ಳೆಯದು ಎನ್ನುತ್ತಾರಲ್ಲ, ಯಾವುದು ಮಾಡಿಸಲಿ?
– ಓದುಗರು, ಶಿರಸಿ

ಉತ್ತರ: ನಿಂತರೆ ಹೋಗುವ ನೋವು ಎಂದಿದ್ದೀರಿ, ಹಾಗಾಗಿ ಈ ಉತ್ತರ. ಕೂತಲ್ಲೇ ನೋವು ಬಂದು ಬೆವರಿದರೆ ಯಾವ ಸ್ಕ್ಯಾನಿಗೂ ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಆಗಲೇ ಇಸಿಜಿ ಆಗಬೇಕು.

‘ಥಾಲಿಯಂ’ ಹಳೆಯ ಹೆಸರು. ಈಗ ಹೆಚ್ಚಾಗಿ ಚುಚ್ಚುವುದು ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು. ರಕ್ತ ಹೋದಷ್ಟು ಅದು ಹೃದಯದ ಸ್ನಾಯುವಿನಲ್ಲಿ ಕೂರುತ್ತದೆ. ವಿಶ್ರಾಂತಿಯಲ್ಲಿ ಒಮ್ಮೆ, ಒತ್ತಡದಲ್ಲಿ ಒಮ್ಮೆ ಚಿತ್ರ. ಮಂಡಿನೋವಿನವರನ್ನು ಓಡಿಸುವುದಿಲ್ಲ, ಬದಲಿಗೆ ನಾಳ ಹಿಗ್ಗಿಸುವ ಅಡೆನೊಸಿನ್ ಔಷಧವನ್ನು 4ರಿಂದ 6 ನಿಮಿಷ ರಕ್ತಕ್ಕೆ ಬಿಡುತ್ತಾರೆ.

ಇದರ ಕುಂದು ತೋಟದವರಿಗೆ ಬೇಗ ಹೊಳೆಯುತ್ತದೆ. ಹೃದಯವನ್ನು ತೋಟ, ರಕ್ತವನ್ನು ನೀರು ಎಂದುಕೊಳ್ಳಿ. ಈ ಕ್ಯಾಮೆರಾ ನೀರಿನ ಅಳತೆ ಹೇಳುವುದಿಲ್ಲ. ಅತಿ ಹಸಿಯಾಗಿರುವ ಮರದ ಬುಡಕ್ಕೆ ಉಳಿದವನ್ನು ಹೋಲಿಸುತ್ತದೆ. ಒಂದು ಸಾಲು ಒಣಗಿದ್ದರೆ ಎದ್ದು ಕಾಣುತ್ತದೆ. ಇಡೀ ತೋಟ ಒಂದೇ ಸಮ ಬಾಡಿದ್ದರೆ ‘ಎಲ್ಲ ಸರಿ’ ಎಂದು ತೋರಬಹುದು. ಹೃದಯದ ಮೂರೂ ರಕ್ತನಾಳ ಕಟ್ಟಿದವರಲ್ಲಿ ಹೀಗಾಗುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಮರೆಯಬಾರದು.

ಪೆಟ್ ಅಳತೆಯನ್ನೇ ಕೊಡುತ್ತದೆ: ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು. ಒತ್ತಡದಲ್ಲಿ ಹರಿವು ಎರಡು ಪಟ್ಟಿಗೂ ಏರದಿದ್ದರೆ ತೊಂದರೆ ಇದೆಯೆಂದು ಲೆಕ್ಕ. ಆದರೆ ಇದಕ್ಕೆ ಚುಚ್ಚುವ ರುಬಿಡಿಯಂ-82 ಸುಮಾರು 76 ಸೆಕೆಂಡಿಗೆ, ನೈಟ್ರೊಜನ್-13 ಹತ್ತು ನಿಮಿಷಕ್ಕೆ ಅರ್ಧವಾಗುವ ವಸ್ತುಗಳು; ಯಂತ್ರದ ಬಳಿಯಲ್ಲೇ ತಯಾರಾಗಬೇಕು. ಕ್ಯಾನ್ಸರಿಗೆ ಪೆಟ್ ಮಾಡುವಲ್ಲೆಲ್ಲ ಇದು ಸಿಗದು, ಫೋನಿನಲ್ಲೇ ಕೇಳಿಕೊಳ್ಳಿ. ಎಂಆರ್‌ಐಗೆ ವಿಕಿರಣವಿಲ್ಲ, ಸ್ನಾಯುವಿನ ಒಳಪದರದ ಸಣ್ಣ ಕೊರತೆಯೂ ಕಾಣುತ್ತದೆ. ಆದರೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಮೊದಲು ನೋಡಿಸಿರಬೇಕು.

ಬರೆದದ್ದನ್ನೇ ಮಾಡಿಸಿ ಎಂಬುದು ನಮ್ಮ ಸಲಹೆ. ವರದಿ ಸರಿಯಿದ್ದೂ ನೋವು ಉಳಿದರೆ ಆಗ ಪೆಟ್, ಎಂಆರ್‌ಐ ಅಥವಾ ಆಂಜಿಯೋಗ್ರಾಂ ಮಾತು.

ಪರೀಕ್ಷೆ ಕೆಡುವುದಕ್ಕೆ ಚಾ ಒಂದು ದೊಡ್ಡ ಕಾರಣ. ಕೆಫೀನ್ ಅಡೆನೊಸಿನ್ನಿಗೆ ಅಡ್ಡ ನಿಲ್ಲುತ್ತದೆ, ನಾಳ ಹಿಗ್ಗುವುದಿಲ್ಲ, ರೋಗ ಮರೆಯಾಗುತ್ತದೆ. 24 ಗಂಟೆ ಚಾ, ಕಾಫಿ, ಕೋಲಾ ಬೇಡ. ಹಿಂದಿನ ದಿನ ಕೊತ್ತಂಬರಿ-ಜೀರಿಗೆ ಕಷಾಯ ಅಡ್ಡಿಲ್ಲ. ತಂಬಾಕಿನ ಕವಳ ಬೇಡ. ದಮ್ಮು ಇದ್ದರೆ, ಡೆರಿಫಿಲಿನ್ ನುಂಗುತ್ತಿದ್ದರೆ ಮೊದಲೇ ಹೇಳಿ, ಬೇರೆ ಔಷಧ ಬೇಕಾಗಬಹುದು. ಬಿಪಿ, ಸಕ್ಕರೆ ಮಾತ್ರೆ ಆ ಬೆಳಿಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಡಾಕ್ಟರನ್ನೇ ಕೇಳಿ.

ಟೆಕ್ನೀಷಿಯಂ 6 ಗಂಟೆಯೊಳಗೆ ಅರ್ಧವಾಗುತ್ತದೆ, ನಿಮ್ಮ ಹೊತ್ತಿಗೆ ಅಳೆದಿಟ್ಟಿರುತ್ತಾರೆ. ಹುಬ್ಬಳ್ಳಿಯಲ್ಲಾದರೆ ಬೆಳಗಿನ ಬಸ್ಸನ್ನು ನಂಬದೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ವರದಿಯಲ್ಲಿ ಹೃದಯದ ‘ಕೆಳಗೋಡೆಯಲ್ಲಿ ಕೊರತೆ’ ಎಂದಿದ್ದರೆ ಬೋರಲು ಮಲಗಿಸಿಯೂ ಚಿತ್ರ ತೆಗೆದರೇ ಎಂದು ಕೇಳಿ. ಹಾಗೆ ತೆಗೆದಾಗ ಮಾಯವಾದರೆ ಅದು ಬಹುಪಾಲು ವಪೆಯ (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆಯ) ನೆರಳು.